ಸಿಂಗಾರಮ್ಮನ ಕೀಲು: ಒಂದು ಶಾಸ್ತ್ರೀಯ ಜಿಜ್ಞಾಸೆ

ಶಾಸ್ತ್ರ ಬರೆಯುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು ಎಂಬುದು ಹಿರಿಯರ ಕಟ್ಟಳೆ. ವಿಷಯ: ಎ.ಟಿ.ವಿ. ಎಂದು ಕರೆಸಿಕೊಳ್ಳುವ ನಾಲ್ಕು ಚಕ್ರದ ಬೈಕಿನ ಹಿಂಬದಿಯ ಸ್ವಿಂಗ್‌ಆರ್ಮನ್ನು ಚೆಸ್ಸಿಗೆ ಸಿಕ್ಕಿಸಿ ಹಿಡಿದಿರುವ ಒಂದು ಉದ್ದನೆಯ ಬೋಲ್ಟು. ಪ್ರಯೋಜನ: ಅದಕ್ಕೆ ಗ್ರೀಸ್ ಹಚ್ಚುವುದು. ಸಂಬಂಧ: ಬೋಲ್ಟಿಗೂ ಗ್ರೀಸಿಗೂ ಇರಬೇಕಾದದ್ದು, ಸಾಮಾನ್ಯವಾಗಿ ಇಲ್ಲದ್ದು. ಅಧಿಕಾರಿ: ಉಗುರಿನ ಸಂದಿಯ ಕಪ್ಪು ಮೂರು ದಿನ ಹೋಗದಿದ್ದರೂ ಅದೇ ಕೈಯಲ್ಲಿ ಉಪ್ಪಿಟ್ಟು ತಿನ್ನಬಲ್ಲವನು. ನಾನು ಅಧಿಕಾರಿಯಲ್ಲ. ಆದರೂ ಬರೆಯುತ್ತಿದ್ದೇನೆ; ಆ ಮಟ್ಟಿಗೆ ನಮ್ಮ ವಿದ್ವತ್ಪರಂಪರೆಗೆ ನಿಷ್ಠನಾಗಿದ್ದೇನೆ.

ಮೊದಲು ಶಬ್ದವಿಚಾರ. ನನ್ನ ಕ್ಷೇತ್ರಕಾರ್ಯ ನಡೆದದ್ದು ಸಕಲೇಶಪುರದ ಆಚೆ, ಸ್ನೇಹಿತನೊಬ್ಬನ ಹೋಂಸ್ಟೇಯ ದನದ ಕೊಟ್ಟಿಗೆಯಲ್ಲಿ. ಅಲ್ಲಿಗೆ ಬರುವ ಮೇಸ್ತ್ರಿಯ ಬಾಯಲ್ಲಿ ಸ್ವಿಂಗ್‌ಆರ್ಮ್ ಎಂಬುದು ‘ಸಿಂಗಾರಮ್ಮ’. “ಸಿಂಗಾರಮ್ಮಂಗೆ ಆಟ ಬಂದೈತೆ ಸಾರ್” ಎಂದು ಅವರು ಮೊದಲ ಸಲ ಹೇಳಿದಾಗ ನಾನು ಆ ತಾಯಿಯ ವಯಸ್ಸೆಷ್ಟು ಎಂದು ವಿಚಾರಿಸಿದೆ. ಇದನ್ನು ಅಪಪ್ರಯೋಗವೆಂದು ತಳ್ಳಿಹಾಕುವಂತಿಲ್ಲ. ಶೃಂಗಾರ ಸಿಂಗಾರವಾದದ್ದು ಹಳೆಯ ಸುದ್ದಿ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ‘ಸ್ವಿಂ’ನ ಒತ್ತು ಉದುರಿ ‘ಸಿಂ’ ಉಳಿಯುವುದು ಅದೇ ಹಾದಿಯ ಪಯಣ. ಉಳಿದ ‘ಅಮ್ಮ’ ಎಲ್ಲಿಂದ ಬಂದಳು ಎಂದರೆ, ಹಿಂದಿನ ಎರಡು ಚಕ್ರ, ಆಕ್ಸಲ್, ಚೈನು, ಬೆಂಗಳೂರಿನಿಂದ ಬಂದ ಅತಿಥಿ ಇಷ್ಟನ್ನೂ ಹೊತ್ತುಕೊಂಡು ಹಳ್ಳದಲ್ಲಿ ಏಳುತ್ತ ಬೀಳುತ್ತ ಬರುವವಳನ್ನು ಬೇರೆ ಏನೆಂದು ಕರೆಯಬೇಕು?

ಇನ್ನು ಪಿವಟ್ಟಿಗೆ ಕನ್ನಡವಿಲ್ಲ ಎಂದು ಕೊರಗುವವರು ಎತ್ತಿನಗಾಡಿಯ ಕೆಳಗೆ ಬಗ್ಗಿ ನೋಡಿಲ್ಲ. ಕೀಲು ನಮ್ಮದು, ಕೀಲೆಣ್ಣೆಯೂ ನಮ್ಮದು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟಕ್ಕೆ ತುಂಬಿ, ಗಾಡಿಗೆ ತೂಗುಹಾಕಿಕೊಂಡೇ ಸಂತೆಗೆ ಹೋಗುತ್ತಿದ್ದರು. ಬರಿ ಎಣ್ಣೆ ಸೋರಿ ಹೋಗುತ್ತದೆ, ಅದನ್ನು ತಡೆದು ನಿಲ್ಲಿಸುವ ಒಂದು ಮೈ ಬೇಕು ಎಂಬುದು ಗಾಡಿ ಹೊಡೆಯುವವನಿಗೆ ಗೊತ್ತಿತ್ತು. ಅಮೆರಿಕದ ಕ್ಲಾರೆನ್ಸ್ ಅರ್ಲ್ 1942ರಲ್ಲಿ ಪೇಟೆಂಟ್ ಪಡೆದದ್ದೂ ಹೆಚ್ಚುಕಮ್ಮಿ ಇದಕ್ಕೇ: ಕರಿಯ ಜಾಗದಲ್ಲಿ ಲಿಥಿಯಂ ಸಾಬೂನು. ಅದರ ಬಲೆಯೊಳಗೆ ಎಣ್ಣೆ ಸಿಕ್ಕಿಕೊಂಡು ಕೂರುತ್ತದೆ, ಬೇಕೆಂದಾಗ ಒಸರುತ್ತದೆ. ಗ್ರೀಸಿನ ಗಟ್ಟಿತನ ಅಳೆಯಲು 25 ಡಿಗ್ರಿ ಶಾಖದಲ್ಲಿ ಅದರ ಮೇಲೊಂದು ಶಂಕುವನ್ನು ಬಿಟ್ಟು, 5 ಸೆಕೆಂಡಿನಲ್ಲಿ ಎಷ್ಟು ಇಳಿಯಿತೆಂದು ನೋಡುತ್ತಾರೆ. 26.5ರಿಂದ 29.5 ಮಿಲಿಮೀಟರ್ ಇಳಿದರೆ ಅದು 2ನೇ ನಂಬರಿನ ಗ್ರೀಸು, ನಮಗೆ ಬೇಕಾದದ್ದು. ಶಂಕು ಇಲ್ಲದವರು ಆಗಷ್ಟೇ ಕಡೆದು ತೆಗೆದ ಬೆಣ್ಣೆಯನ್ನು ನೆನೆದುಕೊಂಡರೆ ಸಾಕು.

ಇತಿಹಾಸವನ್ನು ಬೇಗ ಮುಗಿಸುತ್ತೇನೆ. 1970ರಲ್ಲಿ ಹೋಂಡಾ ಕಂಪನಿ ಯು.ಎಸ್.90 ಎಂಬ ಮೂರು ಚಕ್ರದ ವಾಹನವನ್ನು ಅಮೆರಿಕದಲ್ಲಿ ಇಳಿಸಿತು. 89 ಸಿ.ಸಿ. ಎಂಜಿನ್, ಬಲೂನಿನಂಥ ಟೈರು. ಸಸ್ಪೆನ್ಷನ್ ಇಲ್ಲವೇ ಇಲ್ಲ, ಕುಕ್ಕಿದ್ದೆಲ್ಲ ಟೈರಿಗೆ, ಮಿಕ್ಕಿದ್ದು ಸವಾರನ ಬೆನ್ನಿಗೆ. ಮರುವರ್ಷವೇ ‘ಡೈಮಂಡ್ಸ್ ಆರ್ ಫಾರೆವರ್’ ಚಿತ್ರದಲ್ಲಿ ಜೇಮ್ಸ್ ಬಾಂಡ್ ಅದೇ ಗಾಡಿ ಹತ್ತಿ ಓಡಿದ. ಅಂದರೆ ಆ ಸವಾರಿಯಲ್ಲಿ ಬಾಂಡನ ಜೊತೆ ಸಿಂಗಾರಮ್ಮ ಇರಲಿಲ್ಲ. ಅವನ ಚರಿತ್ರೆಯಲ್ಲಿ ಇದು ಅಪರೂಪ. ಆಕೆ ಈ ಗಾಡಿಗಳಿಗೆ ಕಾಲಿಟ್ಟದ್ದು 1980ರ ದಶಕದಲ್ಲಿ, ತುಕ್ಕೂ ಜೊತೆಗೇ ಬಂತು.

ಈಗ ಪೂರ್ವಪಕ್ಷ. “ಬೋಲ್ಟು ತಿರುಗುತ್ತದೆ, ತಿರುಗುವುದಕ್ಕೆ ಗ್ರೀಸ್ ಬೇಕು, ನಿಪ್ಪಲ್ಲಿಗೆ ಗನ್ನು ಹಚ್ಚಿ ನಾಲ್ಕು ಸಲ ಒತ್ತಿದರೆ ಮುಗಿಯಿತು.” ನನ್ನ ಸ್ನೇಹಿತ ಈ ಪಂಥದವನು. ಆಸ್ಟ್ರಿಯಾ ಮೂಲದ ಆಸ್ಕರ್ ಜರ್ಕ್ 1929ರಲ್ಲಿ ಪೇಟೆಂಟ್ ಪಡೆದ ಆ ಗುಬುಟು ನಿಪ್ಪಲ್ ಕಂಡಲ್ಲೆಲ್ಲ ಅವನು ಗನ್ನು ಒತ್ತುತ್ತಾನೆ. ಕಾಣದಲ್ಲಿ ಗ್ರೀಸೇ ಬೇಡವೆಂದು ಭಾವಿಸುತ್ತಾನೆ.

ಸಿದ್ಧಾಂತ ಹೀಗೆ: ಬೋಲ್ಟು ತಿರುಗಲೇಬಾರದು. ಅದರ ಮೇಲೊಂದು ಉಕ್ಕಿನ ಕೊಳವೆ ಇದೆ, ಕಾಲರ್ ಎನ್ನುತ್ತಾರೆ. ನಟ್ಟು ಬಿಗಿದಾಗ ಬೋಲ್ಟೂ ಕಾಲರೂ ಚೆಸ್ಸಿಯ ಎರಡು ಕಿವಿಗಳ ನಡುವೆ ಒತ್ತಿಸಿಕೊಂಡು ನಿಶ್ಚಲವಾಗುತ್ತವೆ. ಕಾಲರಿನ ಸುತ್ತ ಸೂಜಿಯಂಥ ರೋಲರುಗಳ ಬೇರಿಂಗು. ಅದರ ಮೇಲೆ ಸಿಂಗಾರಮ್ಮ ತೂಗುತ್ತಾಳೆ. ಅದೂ ಪೂರ್ತಿ ಸುತ್ತಲ್ಲ, ಕಾಲು ಸುತ್ತೂ ಅಲ್ಲ, ತೊಟ್ಟಿಲಿನಷ್ಟು. ಹಾಗಾಗಿ ಪ್ರತಿ ಸೂಜಿಯೂ ತಾನಿದ್ದಲ್ಲೇ ಅಲ್ಲಾಡುತ್ತ ಹಳೇ ಗ್ರೀಸನ್ನು ಅತ್ತಿತ್ತ ತಳ್ಳಿ, ಒಣಗಿದ ಮೇಲೆ ಕಾಲರಿನ ಮೈಮೇಲೆ ಸಾಲುಸಾಲು ಗೀರು ಕೊರೆಯುತ್ತದೆ. ಬೇರಿಂಗಿಗೆ ಗ್ರೀಸ್ ಬೇಕಾದದ್ದು ಆಡುವುದಕ್ಕೆ. ಬೋಲ್ಟಿಗೆ ಬೇಕಾದದ್ದು ಅದಕ್ಕಲ್ಲ, ಎಂದಾದರೂ ಒಂದು ದಿನ ಹೊರಗೆ ಬರುವುದಕ್ಕೆ. ಈ ಎರಡನೆಯ ಗ್ರೀಸನ್ನು ಎಷ್ಟೋ ಗಾಡಿಗಳಲ್ಲಿ ಯಾವ ಗನ್ನೂ ಮುಟ್ಟಿಸಲಾರದು. ಬೋಲ್ಟು ಬಿಚ್ಚಿ ಕೈಯಲ್ಲೇ ಸವರಬೇಕು.

ಸ್ನೇಹಿತನ ಗಾಡಿಯ ಬೋಲ್ಟು ಏಳು ಮಳೆಗಾಲ ಹೊರಗೆ ಬಂದಿರಲಿಲ್ಲ. ಸಂಜೆ ಅತಿಥಿಗಳು ಕೆಸರಲ್ಲಿ ಹೊರಳಾಡಿಸಿ ತಂದ ಗಾಡಿಯನ್ನು ಆಳು ಪ್ರೆಷರ್ ಪಂಪಿನಲ್ಲಿ ಮಿರಮಿರ ಮಿಂಚಿಸುತ್ತಿದ್ದ. ಗಾಡಿ ಹೊಳೆದಷ್ಟೂ ಸೀಲಿನ ಅಂಚು ಹಾರಿಸಿಕೊಂಡು ನೀರು ಒಳಗೆ ಸೇರುತ್ತಿತ್ತು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುವ ವಸ್ತು. ಬೋಲ್ಟು ಕಾಲರುಗಳ ನಡುವೆಯೋ ಕೂದಲೆಳೆ ಸಂದು. ಮದುವೆಮನೆಯ ಒಂದೇ ಕೋಣೆಯಲ್ಲಿ ಎರಡು ಕಡೆಯ ನೆಂಟರೂ ಮಲಗಿದಂತಾಗಿತ್ತು.

ಮೇಸ್ತ್ರಿ ನಟ್ಟು ಸಡಿಲಿಸಿ, ಪೂರ್ತಿ ತೆಗೆಯದೆ ತುದಿಯ ಮಟ್ಟಕ್ಕೆ ನಿಲ್ಲಿಸಿದರು. ಹೊಡೆತಕ್ಕೆ ಮರೆ ಕೆಡಬಾರದಲ್ಲ. ಹಿತ್ತಾಳೆ ತುಂಡು ಇಟ್ಟು ಸುತ್ತಿಗೆಯಿಂದ ಹೊಡೆದರು. ಟಣ್ ಎನ್ನುವ ಬದಲು ದಪ್ ಎಂದಿತು. ಸುತ್ತಿಗೆಯನ್ನು ನೆಲಕ್ಕಿಟ್ಟು ಬೀಡಿ ಹಚ್ಚಿದರು. ಪಾನಾ ಹಾಕಿ ತಿರುಗಿಸಿದರೆ ಬೋಲ್ಟು ತಿರುಗುತ್ತಿದೆ! ನಾನು ಸಂಭ್ರಮಿಸಿದೆ. “ತಿರುಗ್ತದೆ ಸಾರ್, ಬರಲ್ಲ” ಎಂದರು. ಕಾಲರೂ ಅದಕ್ಕೆ ಕಚ್ಚಿಕೊಂಡು ಬೇರಿಂಗಿನೊಳಗೆ ಒಟ್ಟಿಗೇ ಸುತ್ತುತ್ತಿತ್ತು.

ಈ ಸ್ಥಿತಿಯನ್ನು ಕುರಿತು ಕೊಟ್ಟಿಗೆಯಲ್ಲಿ ಮೂರು ಮತಗಳು ಹುಟ್ಟಿದವು. ಬೋಲ್ಟು ಕಾಲರುಗಳು ಶೃಂಗೇರಿಯ ಕಡೆಗಿದ್ದವು: ತಮ್ಮಿಬ್ಬರಲ್ಲಿ ಭೇದ ಕಾಣುವುದು ನೋಡುವವರ ಅವಿದ್ಯೆ. ಮೇಸ್ತ್ರಿ ಉಡುಪಿಯ ಕಡೆ, ಕಟ್ಟಾ ದ್ವೈತಿ. ಬೋಲ್ಟು ಬೇರೆ, ಕಾಲರ್ ಬೇರೆ, ಬೇರಿಂಗು ಬೇರೆ, ಸೀಲು ಬೇರೆ, ಚೆಸ್ಸಿ ಬೇರೆ ಎಂದು ಐದು ಬೆರಳು ಮಡಿಸಿ ಪಂಚಭೇದ ಸಾರಿದರು; ಪ್ರಮಾಣವಾಗಿ ಕೈಯಲ್ಲಿ ಸುತ್ತಿಗೆ ಇತ್ತು. ಸ್ನೇಹಿತ ಮೇಲುಕೋಟೆಗೆ ಹೊರಳಿದ: ಎರಡೂ ಬೇರೆಯೇ, ಆದರೆ ಅಗಲಿ ಇರಲಾರವು, ಅಪೃಥಕ್‌ಸಿದ್ಧ, ಆದ್ದರಿಂದ ಹೊಸದನ್ನು ಸೆಟ್ಟಾಗಿಯೇ ತರಿಸೋಣ. ವಾದ ಇತ್ಯರ್ಥವಾಗದೆ ಎರಡು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಕುಡಿಸಿದೆವು, ಗ್ಯಾಸ್ ಬತ್ತಿಯಲ್ಲಿ ಕಾಯಿಸಿದೆವು. ಮೂರನೆಯ ದಿನ ಮೇಸ್ತ್ರಿ ಚೆಸ್ಸಿಗೂ ಸಿಂಗಾರಮ್ಮನಿಗೂ ನಡುವಿನ ಸಂದಿನಲ್ಲಿ ಹ್ಯಾಕ್ಸಾ ಬ್ಲೇಡು ತೂರಿಸಿ ಒಂದೊಂದು ಕಡೆ ಒಂದೊಂದು ಗಂಟೆ ಗರಗರ ಕುಯ್ದು, ಮೂರು ತುಂಡು ಮಾಡಿ ತೆಗೆದರು. ನಡುವಿನ ತುಂಡಿನೊಳಗೆ ಯಾವುದು ಬೋಲ್ಟು ಯಾವುದು ಕಾಲರು ಎಂದು ಭೂತಕನ್ನಡಿ ಹಿಡಿದರೂ ಗೆರೆ ಸಿಗಲಿಲ್ಲ.

ಹೊಸ ಸೆಟ್ಟಿಗೆ ಮೇಸ್ತ್ರಿ ಮಾಡಿದ ಸಂಸ್ಕಾರವನ್ನು ದಾಖಲಿಸುವುದು ನನ್ನ ಕರ್ತವ್ಯ. ಹೆಬ್ಬೆರಳಿನಿಂದ ಒಂದೊಂದು ಸೂಜಿಯ ಸಂದಿಗೂ ಗ್ರೀಸ್ ಒತ್ತಿದರು, ಕೂಸಿಗೆ ಔಷಧಿ ನೆಕ್ಕಿಸುವ ಹಾಗೆ. ಸೀಲಿನ ತುಟಿಗೆ ಒಂದು ಗೆರೆ. ಬೋಲ್ಟಿನ ಉದ್ದಕ್ಕೂ, ಕಾಲರಿನ ಒಳಗೂ ತೆಳ್ಳಗೆ ಒಂದು ಪದರ. ಒಳಗೆ ತಳ್ಳಿದರೆ ಸುತ್ತಿಗೆಯೇ ಬೇಡ, ಅಂಗೈ ಸಾಕಾಯಿತು. “ವರ್ಷಕ್ಕೊಂದ್ಸಲ, ರೋಹಿಣಿ ಮಳೆ ಹಿಡಿಯೋ ಮುಂಚೆ, ಬಿಚ್ಚಿ ಹಚ್ಚಿ” ಎಂದರು. ಸ್ನೇಹಿತ ಆಗಲೇ ಗನ್ನು ಹಿಡಿದು ನಿಪ್ಪಲ್ ಹುಡುಕುತ್ತಿದ್ದ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವವರ ಬಗ್ಗೆ ಗಾದೆ ಮಾಡಿದ ಜನ ಗ್ರೀಸಿನ ವಿಷಯಕ್ಕೆ ಬರುವ ಹೊತ್ತಿಗೆ ಸುಸ್ತಾಗಿರಬೇಕು.

ಆ ಅದ್ವೈತದ ತುಂಡನ್ನು ಎಸೆಯಲು ಮನಸ್ಸು ಬರದೆ ಅವನು ಅದನ್ನು ಹೋಂಸ್ಟೇಯ ಬಚ್ಚಲುಮನೆ ಕಿಟಕಿಗೆ ಅಗುಳಿ ಮಾಡಿಸಿದ. ಆ ಕಿಟಕಿ ಈ ಆಷಾಢದಿಂದ ತೆರೆಯಲು ಬರುತ್ತಿಲ್ಲವಂತೆ.