ಗುಂಪು, ಗ್ಯಾಜೆಟ್ಟು, ಗಬ್ಬೂರ ಕ್ರಾಸು

ತಂತ್ರಜ್ಞಾನವನ್ನೂ ಗುಂಪು ಕಲಿಕೆಯನ್ನೂ ಕೂಡಿಸಿದರೆ ಮಕ್ಕಳು ಪಾಠದಲ್ಲಿ ಮುಳುಗಿ ಕಲಿಯುತ್ತಾರೆ ಎಂಬ ಸಿದ್ಧಾಂತವನ್ನು ಶಿಕ್ಷಕರ ತರಬೇತಿಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಊಟವಾದ ಮೇಲಿನ ಅವಧಿಯಲ್ಲಿ ಮಂಡಿಸಲಾಗುವುದರಿಂದ, ಮತ್ತು ಆ ಹೊತ್ತಿಗೆ ಶಿಬಿರಾರ್ಥಿಗಳು ಮುಳುಗಿರುವುದು ಬೇರೆಯದರಲ್ಲಾದ್ದರಿಂದ, ಸಿದ್ಧಾಂತದ ಅರ್ಧ ಭಾಗ ಮಾತ್ರ ಶಾಲೆಗಳನ್ನು ಮುಟ್ಟಿದೆ ಎಂದು ತರ್ಕಿಸಲು ಅವಕಾಶವಿದೆ. ಮುಟ್ಟಿದ ಅರ್ಧವೆಂದರೆ ಉಪಕರಣ. ಅದು ರಟ್ಟಿನ ಡಬ್ಬಿಯಲ್ಲಿ ಥರ್ಮೊಕೋಲಿನ ನಡುವೆ ಭದ್ರವಾಗಿ ಕುಳಿತು ಬರುತ್ತದೆ. ಉಳಿದರ್ಧ, ಅಂದರೆ ಗುಂಪಿನಲ್ಲಿ ಯಾರು ಯಾರ ಪಕ್ಕ ಕೂಡಬೇಕು, ಯಾರ ಕೈಗೆ ಯಾವ ಕೆಲಸ ಬರಬೇಕು ಎಂಬ ಏರ್ಪಾಡು, ಡಬ್ಬಿಯಲ್ಲಿ ಹಿಡಿಸುವಂಥದ್ದಲ್ಲ.

ಸ್ಮಾರ್ಟ್ ಕ್ಲಾಸ್ ಎಂದರೆ ಪ್ರೊಜೆಕ್ಟರ್, ಪರದೆ, ಕಂಪ್ಯೂಟರ್ ಹಾಗೂ ಒಂದು ಕೀಲಿ ಕೂಡಿ ಆಗುವ ಕೋಣೆ. ಈ ನಾಲ್ಕರಲ್ಲಿ ಎಂದೂ ಕೆಡದೆ ಕೆಲಸ ಮಾಡುವುದು ಕೀಲಿಯೊಂದೇ. ಕೀಲಿಕೈ ಮುಖ್ಯಗುರುಗಳ ಬಳಿ ಇರುತ್ತದೆ, ಮುಖ್ಯಗುರುಗಳು ಮೀಟಿಂಗಿನಲ್ಲಿ ಇರುತ್ತಾರೆ, ಸ್ಟಾಕ್ ರಜಿಸ್ಟರಿನಲ್ಲಿ ಏರಿದ ಸಾಮಾನು ಮಕ್ಕಳ ಕೈಯಲ್ಲಿ ಹಾಳಾದರೆ ಉತ್ತರ ಕೊಡುವವರು ಯಾರು ಎಂಬ ಪ್ರಶ್ನೆ ಸದಾ ಜೀವಂತವಿರುತ್ತದೆ. ಹೀಗಾಗಿ ಕೆಲವೆಡೆ ಈ ಉಪಕರಣ ಖಂಡೇಪೂಜೆಯ ದಿನ ಕುಂಕುಮ, ಚೆಂಡುಹೂವು ಏರಿಸಿಕೊಂಡು ದರ್ಶನ ಕೊಟ್ಟು ಮತ್ತೆ ಹೊದಿಕೆಯೊಳಗೆ ಸೇರುವುದುಂಟು. ಇನ್ನು ಕೋಣೆ ತೆರೆದ ದಿನ ನಡೆಯುವುದನ್ನು ಶಿಕ್ಷಣಶಾಸ್ತ್ರ ಇನ್ನೂ ಸರಿಯಾಗಿ ಗಮನಿಸಿಲ್ಲ. ಪರದೆಯ ಮೇಲೆ ನೀಲಿ ಬಣ್ಣ ಮಾತ್ರ ಬಂದು ನಿಂತಾಗ ಒಬ್ಬ ಹುಡುಗ ಮೇಜಿನ ಕೆಳಗೆ ತೂರಿ ವಾಯರು ಅಲುಗಿಸುತ್ತಾನೆ, ಒಬ್ಬಳು ರಿಮೋಟಿನ ಸೆಲ್ ತೆಗೆದು ಹಲ್ಲಿನಿಂದ ಕಚ್ಚಿ ಮರಳಿ ಹಾಕುತ್ತಾಳೆ, ಇನ್ನೊಬ್ಬ ಕಿಟಕಿಗೆ ಪರದೆ ಎಳೆಯುತ್ತಾನೆ, ಹಿಂದಿನ ಸಾಲಿನವರು "ಈಗ ಬಂತ್ರೀ ಟೀಚರ್, ಹೋತ್ರೀ" ಎಂದು ಕ್ಷಣಕ್ಷಣದ ವರದಿ ಕೊಡುತ್ತಾರೆ. ಎಲ್ಲರ ಕೈಗೂ ಕೆಲಸವಿದ್ದು ಎಲ್ಲರ ಗಮನವೂ ಒಂದೇ ಕಡೆಗಿರುವ ಈ ಹತ್ತು ನಿಮಿಷ ತಾಂತ್ರಿಕ ನೆರವಿನ ಸಾಮೂಹಿಕ ಕಲಿಕೆಗೆ ಶುದ್ಧ ಉದಾಹರಣೆಯಾಗಿದ್ದು, ಚಿತ್ರ ಮೂಡಿ ದ್ಯುತಿಸಂಶ್ಲೇಷಣೆಯ ವಿಡಿಯೋ ಶುರುವಾದೊಡನೆ ಅದು ಮುಗಿದುಹೋಗುತ್ತದೆ.

ಗುಂಪಿನ ಸಮಸ್ಯೆ ಉಪಕರಣದ್ದಕ್ಕಿಂತ ಹಳೆಯದು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಹಗ್ಗ ಎಳೆಯುವವರ ಶಕ್ತಿಯನ್ನು ಅಳೆದು 1913ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎಂಟು ಜನ ಕೂಡಿ ಎಳೆದಾಗ ಪ್ರತಿಯೊಬ್ಬನೂ ಒಬ್ಬನೇ ಇದ್ದಾಗ ಎಳೆಯುವುದರ ಸುಮಾರು ಅರ್ಧದಷ್ಟನ್ನು ಮಾತ್ರ ಎಳೆಯುತ್ತಾನೆ. 1979ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಚಪ್ಪಾಳೆ ತಟ್ಟಿಸಿ, ಕೂಗಿಸಿ ಅದನ್ನೇ ಕಂಡು, ಗುಂಪಿನೊಳಗೆ ಮರೆಯಾಗಿ ಶ್ರಮ ಉಳಿಸುವ ಈ ಪ್ರವೃತ್ತಿಗೊಂದು ಶಾಸ್ತ್ರೀಯ ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ಸಾಮೂಹಿಕ ಮೈಗಳ್ಳತನ ಎನ್ನಬಹುದು. ಹುಬ್ಬಳ್ಳಿ-ಧಾರವಾಡ ಅವಳಿನಗರದ ಯಾವುದೇ ಶಾಲೆಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಅರ್ಧ ತಾಸು ಕುಳಿತಿದ್ದರೆ ಆ ವಿಜ್ಞಾನಿಗಳಿಗೆ ಪ್ರಯೋಗಶಾಲೆಯ ಖರ್ಚು ಉಳಿಯುತ್ತಿತ್ತು. ಐದು ಜನರ ಗುಂಪಿಗೆ ಜಲಮಾಲಿನ್ಯದ ಮೇಲೆ ಪ್ರಾಜೆಕ್ಟ್ ಕೊಟ್ಟರೆ ಒಬ್ಬಳು ಬರೆಯುತ್ತಾಳೆ, ಒಬ್ಬ ಮುಖಪುಟಕ್ಕೆ ಸ್ಕೆಚ್ ಪೆನ್ನಿನಿಂದ ಅಂಚು ಹಾಕುತ್ತಾನೆ, ಮೂವರು ತಮ್ಮ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಪರೀಕ್ಷಿಸುತ್ತಾರೆ. ಬರೆಯುವವಳೂ ಜ್ವರ ಬಂದು ಮಲಗಿದರೆ ಅಂಗಡಿಯ ಮಾಲೀಕರೇ ಕಂಪ್ಯೂಟರಿನಲ್ಲಿ ಸಿದ್ಧವಿರುವ ಜಲಮಾಲಿನ್ಯವನ್ನು ಮುಖಪುಟ ಬದಲಿಸಿ ತೆಗೆದುಕೊಡುವುದರಿಂದ, ಒಂದು ತರಗತಿಯ ಎಂಟು ಗುಂಪುಗಳಿಗೂ ನಿಜವಾದ ನಾಯಕರು ಅವರೇ ಆಗಿರುತ್ತಾರೆ. ವಾಟ್ಸಾಪ್ ಬಂದ ಮೇಲೆ ಅಂಗಡಿಗೆ ಹೋಗುವ ಶ್ರಮವೂ ತಪ್ಪಿದ್ದು, ಒಬ್ಬರ ನೋಟ್‌ಬುಕ್ಕಿನ ಫೋಟೋ ಗುಂಪಿಗೆ ಬಿದ್ದರೆ ಅದರಲ್ಲಿನ ತಪ್ಪುಗಳ ಸಮೇತ ನಲವತ್ತು ನೋಟ್‌ಬುಕ್ಕುಗಳು ರಾತ್ರಿ ಊಟದೊಳಗೆ ತುಂಬುತ್ತವೆ. ಇಲ್ಲಿ ಸಹಕಾರವಿಲ್ಲ ಎಂದು ಯಾರೂ ಹೇಳಲಾರರು.

ಗುಂಪಿನಲ್ಲಿದ್ದೂ ಮೈಗಳ್ಳರಾಗದಂತೆ ಮಕ್ಕಳನ್ನು ಕೂಡಿಸುವ ವಿದ್ಯೆ ಕನ್ನಡ ಸೀಮೆಗೆ ಹೊಸದಲ್ಲವೆಂಬುದಕ್ಕೆ ಬಳ್ಳಾರಿಯ ಸಾಕ್ಷ್ಯವಿದೆ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಜಿಲ್ಲೆಗಳ ದೇಶೀ ಶಾಲೆಗಳ ಲೆಕ್ಕ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳನ್ನು ತೋರಿಸಿದ್ದಲ್ಲದೆ, ಅವರು ಕಲಿಯುವ ರೀತಿಯನ್ನೂ ವಿವರವಾಗಿ ಬರೆದರು. ಮಗು ಮೊದಲು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತೀಡುತ್ತಿತ್ತು. ಮುಂದೆ ಒಂದಡಿ ಅಗಲ, ಮೂರಡಿ ಉದ್ದದ ಹಲಗೆಗೆ ಅನ್ನ ಮತ್ತು ಇದ್ದಿಲ ಪುಡಿ ಬಳಿದು ಅದರ ಮೇಲೋ, ಗಂಜಿ ಹಾಕಿ ಪುಸ್ತಕದಂತೆ ಮಡಿಚಿ ಇದ್ದಿಲು-ಅಂಟು ಸವರಿದ ಕಡತದ ಮೇಲೋ ಬಳಪದಿಂದ ಬರೆಯುತ್ತಿತ್ತು. ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದಿತ್ತು ಎಂದು ವರದಿ ಹೇಳುತ್ತದೆ. ಒದ್ದೆ ಬಟ್ಟೆ ಸಿಗದಾಗ ಬಳಕೆಯಾಗುತ್ತಿದ್ದ ದ್ರವದ ಬಗ್ಗೆ ಕಲೆಕ್ಟರರು ಮೌನ ವಹಿಸಿದ್ದಾರಾದರೂ ಪಾಟಿ ಹಿಡಿದು ಓದಿದ ತಲೆಮಾರಿಗೆ ವಿವರಣೆ ಬೇಕಿಲ್ಲ.

ಹಾಜರಿಯ ವ್ಯವಸ್ಥೆ ಇನ್ನೂ ಸೊಗಸಾಗಿತ್ತು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯಲಾಗುತ್ತಿತ್ತು. ಎರಡನೆಯವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂಬುದಕ್ಕೆ ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಂತೆಲ್ಲ ಒಂದೊಂದು ಹೆಚ್ಚು. ಮೇಲಿನ ಅಂಕಿಗಳ ಪ್ರಕಾರ ಶಾಲೆಗೆ ಸರಾಸರಿ ಹನ್ನೆರಡು ಹದಿಮೂರು ಮಕ್ಕಳಿದ್ದುದರಿಂದ ಕೊನೆಗೆ ಬಂದವನಿಗೆ ಹನ್ನೊಂದು ಏಟಿನವರೆಗೆ ಸಲ್ಲುತ್ತಿದ್ದವು. ಇಂದು ಹತ್ತನೆಯ ತರಗತಿಯಲ್ಲಿ ಕಲಿಸುವ ಸಮಾಂತರ ಶ್ರೇಢಿ, ಅಂದರೆ ಒಂದೇ ಅಂತರದಲ್ಲಿ ಏರುವ ಸಂಖ್ಯೆಗಳ ಸಾಲು, ಅವನಿಗೆ ಅನುಭವದಿಂದಲೇ ತಿಳಿಯುತ್ತಿತ್ತು. ಈ ಭಾಗವನ್ನು ಪುನರುಜ್ಜೀವನಗೊಳಿಸಲು ಯಾರೂ ಕೇಳಬಾರದು. ಉಳಿಸಿಕೊಳ್ಳಬೇಕಾದದ್ದು ಇನ್ನೊಂದು: ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ಕೂಡಿಸಿ, ಮೇಲಿನವರು ಕೆಳಗಿನವರಿಗೆ ಹೇಳಿಕೊಡುವಂತೆ ಮಾಡಿ, ಐಗಳು ಮೇಲಿನ ವರ್ಗವನ್ನು ತಾವೇ ನೋಡಿಕೊಳ್ಳುತ್ತ ಉಳಿದವರ ಮೇಲೆ ಕಣ್ಣಿಡುತ್ತಿದ್ದರು. ಕೆಳಗಿನವನಿಗೆ ಮಗ್ಗಿ ಹೇಳಿಕೊಡಬೇಕಾದ ಹುಡುಗನಿಗೆ ಅಡಗಲು ಜಾಗವೇ ಇರಲಿಲ್ಲ. ಇಂಥದೇ ಕ್ರಮವನ್ನು ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನ ಅನಾಥಾಲಯದಲ್ಲಿ ಪ್ರಯೋಗಿಸಿ 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಮೇಲೆ ಅದು ಮದ್ರಾಸ್ ಪದ್ಧತಿ ಎಂದು ಇಂಗ್ಲೆಂಡಿನಲ್ಲಿ ಹಬ್ಬಿತು. ಧಾರವಾಡದ ಹತ್ತಿ ಹಡಗೇರಿ ಹೋಗಿ ಬಟ್ಟೆಯಾಗಿ ಮರಳುತ್ತಿದ್ದಂತೆ, ಗುಂಪು ಕಲಿಕೆಯೂ ಕಾಲಾಂತರದಲ್ಲಿ ಪರದೇಶದ ಮಡಿಕೆ ಹಾಕಿಸಿಕೊಂಡು ತರಬೇತಿ ಶಿಬಿರಗಳಿಗೆ ಬಂದಿದೆ.

ಮರಳಿ ಬಂದವುಗಳಲ್ಲಿ ಮೈಗೊಪ್ಪುವಂತೆ ಹೊಲಿಸಿಕೊಂಡದ್ದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದು ಯುನಿಸೆಫ್ ನೆರವಿನಿಂದ ಆರಂಭಿಸಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವಿಸ್ತರಿಸಿತು. ಇದರಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ ಕೂಡುತ್ತಾರೆ. ತಟ್ಟೆ ಎಂದರೆ ಬಿಸಿಯೂಟದ್ದಲ್ಲ, ಶಿಕ್ಷಕರ ಪೂರ್ಣ ಬೆಂಬಲದಿಂದ ಹಿಡಿದು ಗೆಳೆಯರ ಬೆಂಬಲ ದಾಟಿ ಸ್ವಂತ ಕಲಿಕೆಯವರೆಗೆ ಹಂತ ಸೂಚಿಸುವ ಗುಂಪು. ಪಾಠಗಳು ಕಲಿಕಾ ಏಣಿಯ ಮೆಟ್ಟಿಲುಗಳಾಗಿ ಗೋಡೆಯ ಮೇಲಿರುವುದರಿಂದ, ಶಿವರಾತ್ರಿಗೆ ಸಿದ್ಧಾರೂಢರ ಜಾತ್ರೆಗೆಂದು ಹೋಗಿ ನಾಲ್ಕು ದಿನ ತಪ್ಪಿಸಿದ ಮಗುವೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಇಲ್ಲಿಯ ತಂತ್ರಜ್ಞಾನವೆಂದರೆ ರಟ್ಟಿನ ಕಾರ್ಡು, ಗೋಡೆಗೆ ಮಕ್ಕಳೆತ್ತರದಲ್ಲಿ ಬಳಿದ ಕಪ್ಪು ಬಣ್ಣ, ಮಕ್ಕಳ ಚಿತ್ರ ತೂಗುಹಾಕಲು ಚಾವಣಿಯ ಕೆಳಗೆ ಕಟ್ಟಿದ ದಾರ. ಯಾವುದಕ್ಕೂ ಕೀಲಿ ಬೇಕಿಲ್ಲ.

2020ರ ಆಗಸ್ಟಿನಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ ಕಾಲದಲ್ಲಿ ಆರಂಭವಾದ ವಿದ್ಯಾಗಮ ಯೋಜನೆ ಮಕ್ಕಳನ್ನು ಬೇರೊಂದು ಬಗೆಯಲ್ಲಿ ವಿಂಗಡಿಸಿತು: ಏನೂ ಇಲ್ಲದ ಮನೆಯವರು, ಸಾದಾ ಮೊಬೈಲಿನವರು, ಇಂಟರ್‌ನೆಟ್ ಉಳ್ಳ ಸ್ಮಾರ್ಟ್‌ಫೋನಿನವರು. ಕಾಗದದ ಮೇಲೆ ಸ್ಪಷ್ಟವಾಗಿದ್ದ ಈ ವರ್ಗೀಕರಣಕ್ಕೆ, ಬೆಳಿಗ್ಗೆ ಅಪ್ಪನ ಕಿಸೆಯೇರಿ ಕೆಲಸಕ್ಕೆ ಹೋಗಿ ರಾತ್ರಿ ಚಾರ್ಜ್ ತೀರಿ ಮನೆಗೆ ಬರುವ ಸ್ಮಾರ್ಟ್‌ಫೋನು ಯಾವ ವರ್ಗದ್ದು ಎಂದು ತೀರ್ಮಾನಿಸುವುದು ಕಷ್ಟವಾಗಿತ್ತು. ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳು, ಜಗುಲಿಗಳಿಗೆ ತಾವೇ ನಡೆದುಹೋಗಿ ಪಾಠ ಮಾಡಿದರು. ಸೋಂಕಿನ ಕಾರಣ ಅಕ್ಟೋಬರಿನಲ್ಲಿ ಅದೂ ನಿಂತಿತು.

ಮತ್ತೆ ಗುಂಪಿನ ಮೈಗಳ್ಳತನಕ್ಕೆ ಬಂದರೆ, ಟೆಕ್ಸಾಸಿನ ಆಸ್ಟಿನ್ ಊರಿನಲ್ಲಿ 1971ರಲ್ಲಿ ಎಲಿಯಟ್ ಆರನ್ಸನ್ ರೂಪಿಸಿದ ಜಿಗ್ಸಾ ಕ್ರಮ, ಅಂದರೆ ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದೇ ತುಂಡು ಕೊಟ್ಟು, ಪೂರ್ತಿ ಪಾಠ ಬೇಕಾದವರು ಉಳಿದವರನ್ನು ಕೇಳಲೇಬೇಕಾಗುವಂತೆ ಮಾಡುವ ಪದ್ಧತಿ, ಅದಕ್ಕೆ ಸರಿಯಾದ ಮದ್ದು. ಅದನ್ನು ಪ್ರಯೋಗಿಸಲು ಗಬ್ಬೂರಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೆಂಗಳೂರು ಕಡೆಯ ಹೆದ್ದಾರಿ ಹುಬ್ಬಳ್ಳಿಯನ್ನು ಮುಟ್ಟುತ್ತಿದ್ದಂತೆ ಊರೊಳಗೆ ಹೋಗುವವರು ಒಂದು ಕಡೆ, ನರೇಂದ್ರ ಊರಿನ ಕಡೆಗೆ ಬೈಪಾಸ್ ಹಿಡಿಯುವವರು ಒಂದು ಕಡೆ ಆಗುವುದು ಇಲ್ಲಿಯೇ. ನಾಲ್ಕು ಮಕ್ಕಳನ್ನು ರಸ್ತೆಗಿಳಿಯದಂತೆ ದೂರದ ಕಟ್ಟೆಯ ಮೇಲೆ ಕೂಡಿಸಿ ವಾಹನ ಗಣತಿ ಒಪ್ಪಿಸಿದರೆ, ಒಬ್ಬನಿಗೆ ಬರೀ ಲಾರಿ, ಒಬ್ಬಳಿಗೆ ನಂಬರ್ ಪ್ಲೇಟು ಓದಿ ಕೆಎ-25 ಧಾರವಾಡದ್ದು, ಕೆಎ-63 ಹುಬ್ಬಳ್ಳಿಯದು, ಎಮ್‌ಎಚ್ ಮಹಾರಾಷ್ಟ್ರದ್ದು ಎಂದು ಸಾರುವ ಕೆಲಸ, ಇನ್ನೊಬ್ಬನಿಗೆ ಐದರ ಕಟ್ಟುಗಳಾಗಿ ಗೀಟು ಹಾಕುವ ಕೆಲಸ, ನಾಲ್ಕನೆಯವಳಿಗೆ ಶಿಕ್ಷಕರ ಮೊಬೈಲಿನಲ್ಲಿ ಹೊತ್ತು ನೋಡಿ ಫೋಟೋ ತೆಗೆಯುವ ಕೆಲಸ ಬರುತ್ತದೆ. ಮೊಬೈಲಿಗೆ ಇದಕ್ಕಿಂತ ಹೆಚ್ಚಿನ ಅಧಿಕಾರ ಕೊಡುವ ಅಗತ್ಯವಿಲ್ಲ. ಅಂಕಿಗಳು ಸಂಜೆ ಕಂಪ್ಯೂಟರಿಗೆ ಏರಿ ನಕ್ಷೆಯಾಗಬಹುದು, ಕೀಲಿಕೈ ಸಿಕ್ಕರೆ.

ಇಷ್ಟಾಗುವಷ್ಟರಲ್ಲಿ ಎರಡು ಟ್ರೇಲರ್ ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಬರುವುದು ಖಚಿತ. "ಒಂದ ಬರಕೊಳ್ಳೋ" ಎಂದು ಒಬ್ಬಳು, "ಮೂರು ಅದಾವಲೇ" ಎಂದು ಇನ್ನೊಬ್ಬ. ಅದರ ಹಿಂದೆಯೇ ಕೆಟ್ಟ ಲಾರಿಯೊಂದನ್ನು ಎಳೆದೊಯ್ಯುವ ಲಾರಿ ಬಂದು ವಾದ ಬಿಗಡಾಯಿಸಿ, ಕೊನೆಗೆ ಗೀಟು ಹಾಕುವವನು "ವಾಹನ ಬ್ಯಾಡ, ಗಾಲಿ ಎಣಸೂಣು" ಎಂದು ಪಟ್ಟಿಯನ್ನೇ ಹೊಸದಾಗಿ ಎಳೆಯುತ್ತಾನೆ. ಆಗ ಬರುವುದು ಭಾರವಿಲ್ಲದಾಗ ಒಂದು ಅಚ್ಚನ್ನು ಮೇಲೆತ್ತಿಕೊಂಡು ಓಡುವ ಹದಿನಾಲ್ಕು ಗಾಲಿಯ ಲಾರಿ. ನೆಲಕ್ಕೆ ತಾಗದ ಗಾಲಿ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಅಧಿಕೃತವಾಗಿ ಉತ್ತರಿಸಬಲ್ಲವರು ಟೋಲ್ ನಾಕಾದವರು. ಅಲ್ಲಿಗೆ ಹೋಗಿ ಕೇಳಲು ಶಿಕ್ಷಕರ ಅನುಮತಿ ಬೇಕು, ಶಿಕ್ಷಕರೋ ಆಗಲೇ ಕಟ್ಟೆಯ ತುದಿಗೆ ಸರಿದು, ಕನ್ನಡಕ ಏರಿಸಿಕೊಂಡು, ಮುಂದಿನ ಲಾರಿಯ ಗಾಲಿ ಎಣಿಸುವುದರಲ್ಲಿರುತ್ತಾರೆ.