ಮೈಕ್ ಮೀಮಾಂಸೆ ಅಥವಾ ತಂತಿವಾದಕ ಲಕ್ಷಣ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕು. ವಿಷಯ: ಯಾರು ಬೇಕಾದರೂ ಬಂದು ಹಾಡಬಹುದಾದ ಮೈಕಿನ ಮುಂದೆ ತಂತಿವಾದ್ಯ ಹಿಡಿದು ಕೂರುವ ಮನುಷ್ಯಜಾತಿ. ಪ್ರಯೋಜನ: ಏನೂ ಇಲ್ಲ. ಸಂಬಂಧ: ಈ ಜಾತಿಯವರು ಒಬ್ಬರಾದರೂ ನಿಮ್ಮ ಬೀಗರ ಪೈಕಿ ಇದ್ದೇ ಇರುತ್ತಾರೆ. ಅಧಿಕಾರಿ: ಅಮಾವಾಸ್ಯೆಯ ಭಜನೆಯಲ್ಲಿ ಕೋಳಿ ಕೂಗುವವರೆಗೆ ಕೂತವರು, ಇಲ್ಲವೇ ಓಪನ್ ಮೈಕ್ ಸಂಜೆಯಲ್ಲಿ ಹೆಸರು ಬರೆಸಿ ತಮ್ಮ ಸರದಿಗಾಗಿ ಎರಡು ತಾಸು ಚಹಾ ಕುಡಿದವರು. ಎರಡನ್ನೂ ಮಾಡದವರು ಇಲ್ಲಿಗೇ ಪುಟ ತಿರುವಬಹುದು, ಬೇಸರವಿಲ್ಲ.

ಕಲಬುರಗಿಯ ಬಗಲಿನ ತಾಜಸುಲ್ತಾನಪುರದಲ್ಲಿ ಕೂತು ಶಾಸ್ತ್ರ ಬರೆಯುವುದಕ್ಕೆ ಅಂಜಬೇಕಾದ್ದಿಲ್ಲ. ಈ ಸೀಮೆಯ ನೀರೇ ಅಂಥದ್ದು. ಒಂಬತ್ತನೆಯ ಶತಮಾನದಲ್ಲಿ ಕಾಗಿಣಾ ದಂಡೆಯ ಮಳಖೇಡದಲ್ಲಿ ರಾಷ್ಟ್ರಕೂಟರ ನೃಪತುಂಗನ ಆಸರೆಯಲ್ಲಿದ್ದ ಶ್ರೀವಿಜಯ, ಕವಿರಾಜಮಾರ್ಗದಲ್ಲಿ ಕಾವ್ಯಕ್ಕೆ ದಕ್ಷಿಣ, ಉತ್ತರ ಎಂಬ ಎರಡು ಮಾರ್ಗ ತೋರಿಸಿದ. ನಮ್ಮ ಮರ್ತೂರಿನವನೆಂದೇ ನಾವೆಲ್ಲ ಹೇಳಿಕೊಳ್ಳುವ ವಿಜ್ಞಾನೇಶ್ವರ, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದು, ಅಣ್ಣತಮ್ಮಂದಿರ ಹೊಲದ ಜಗಳವನ್ನು ಮುಂದಿನ ಎಂಟುನೂರು ವರ್ಷಕ್ಕೆ ಸಾಕಾಗುವಷ್ಟು ವಿಂಗಡಿಸಿಟ್ಟ. ವಾದ್ಯಗಳನ್ನು ಭರತ ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಮಾಡಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಸೆಲ್ಸ್‌ನ ಮಾಹಿಲ್ಲೋನ್ ತನ್ನ ವಸ್ತುಸಂಗ್ರಹಕ್ಕೆ ಅದೇ ನಾಲ್ಕರ ಲೆಕ್ಕ ಹಿಡಿದ. ಅದರ ಮೇಲೆ 1914ರಲ್ಲಿ ಹಾರ್ನ್‌ಬಾಸ್ಟೆಲ್, ಸಾಕ್ಸ್ ಎಂಬಿಬ್ಬರು ಜಗತ್ತಿನ ವಾದ್ಯಗಳಿಗೆಲ್ಲ ನಂಬರು ಕೊಟ್ಟರು. ಗಿಟಾರಿಗೆ ಬಿದ್ದದ್ದು 321.322. ಅದನ್ನು ತೊಡೆಯ ಮೇಲಿಟ್ಟುಕೊಂಡವನಿಗೆ ಮಾತ್ರ ಯಾರೂ ನಂಬರು ಕೊಡಲಿಲ್ಲ.

ಶ್ರೀವಿಜಯನ ಹಾದಿಯಲ್ಲೇ ನಾವೂ ಎರಡು ಮಾರ್ಗ ಹೇಳುತ್ತೇವೆ: ತಂಬೂರಿ ಮಾರ್ಗ, ಗಿಟಾರ್ ಮಾರ್ಗ. ಓಪನ್ ಮೈಕ್ ಎಂಬುದು ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ ಹುಟ್ಟಿ, ರೈಲು ಹತ್ತಿ ಕಲಬುರಗಿಗೆ ಬಂದು, ಕಾಲೇಜು ಹಾಸ್ಟೆಲುಗಳಲ್ಲಿ ಇಳಿಯಿತು ಎಂದು ಹುಡುಗರು ವಾದಿಸುತ್ತಾರೆ. ಇದು ಪೂರ್ವಪಕ್ಷ. ಸಿದ್ಧಾಂತ ಬೇರೆ. ಊರ ಗುಡಿಯ ಜಮಖಾನದ ಮೇಲೆ ಪೇಟಿ, ಡಗ್ಗಾ, ತಾಳ, ಏಕತಾರಿ ಇಟ್ಟಿರುತ್ತಾರೆ. ಹೊಲದಿಂದ ಬಂದವನು, ಪೊಲೀಸ್ ಮೀಸಲು ಪಡೆಯ ಡ್ಯೂಟಿ ಮುಗಿಸಿ ಬಂದವನು, ಕಮಲಾಪುರದಿಂದ ಬೀಗರ ಮನೆಗೆ ಬಂದವನು, ಯಾರು ಬೇಕಾದರೂ ಕೈಕಾಲು ತೊಳೆದು ಒಳಗೆ ಕೂತು ಒಂದು ಪದ ಎತ್ತಬಹುದು. ಹೆಸರು ಬರೆಸಬೇಕಿಲ್ಲ, ಟಿಕೆಟ್ಟಿಲ್ಲ, ತೀರ್ಪುಗಾರರಿಲ್ಲ. ಕಡಕೋಳ ಮಡಿವಾಳಪ್ಪನ ತತ್ವಪದಗಳು ಈ ಸೀಮೆಯಲ್ಲಿ ಉಳಿದದ್ದೇ ಹೀಗೆ, ಬಾಯಿಂದ ಬಾಯಿಗೆ, ಏಕತಾರಿ ಕೈಯಿಂದ ಕೈಗೆ. ಓಪನ್ ಮೈಕಿನ ಲಕ್ಷಣ ಇದಕ್ಕಿಂತ ಶುದ್ಧವಾಗಿ ಎಲ್ಲಿಯೂ ಸಿಗದು.

ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ತಗಲದಿರಲೆಂದು ಎರಡನ್ನು ಹೊರಗಿಡಬೇಕು. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ಉರುಸಿನ ಕವ್ವಾಲಿ ಎಷ್ಟೇ ಜನ ಸೇರಿದರೂ ಓಪನ್ ಅಲ್ಲ, ಅಲ್ಲಿ ಹಾಡುವ ಹಕ್ಕು ಕವ್ವಾಲರದು. ಗೀಗೀ ಪದದ ಹರದೇಶಿ–ನಾಗೇಶಿ ಮೇಳಗಳೂ ಅಷ್ಟೆ: ವೀಳ್ಯ ಕೊಟ್ಟು ಕರೆಸಿದವರು ಅವರು. ಮಧ್ಯದಲ್ಲಿ ಎದ್ದು ಹಾಡಲು ಹೋದವನನ್ನು ಎರಡೂ ಕಡೆಯವರು ಸೇರಿ ಕೂರಿಸುತ್ತಾರೆ.

ಇನ್ನು ಪ್ರಭೇದಗಳು.

ಗಿಟಾರ್ ಮಾರ್ಗದಲ್ಲಿ ಮೊದಲು ಕಾಣುವವನು ಶ್ರುತಿಪೀಡಿತ. ಇವನು ಕೂತೊಡನೆ ಗಿಟಾರಿನ ಕಿವಿ ಹಿಂಡಲು ಸುರು ಮಾಡುತ್ತಾನೆ, ಕೇಳುವವರು ಎದ್ದಾಗಲೂ ಹಿಂಡುತ್ತಲೇ ಇರುತ್ತಾನೆ. ತಲೆಗೆ ಸಿಗಿಸಿದ ಸಣ್ಣ ಟ್ಯೂನರಿನಲ್ಲಿ ಹಸಿರು ದೀಪ ಬಂದರೆ ಇವನಿಗೆ ಮೋಕ್ಷ. ನ್ಯಾಯವಾಗಿ ನೋಡಿದರೆ ತಪ್ಪು ಪೂರ್ತಿ ಇವನದಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿದು. ಬಿಸಿಗೆ ತಂತಿ ಹಿಗ್ಗಿ ಬಿಗಿ ಸಡಿಲಾಗುತ್ತದೆ, ಸ್ವರ ಇಳಿಯುತ್ತದೆ. ಒಣ ಹವೆಗೆ ಕಟ್ಟಿಗೆ ಕುಗ್ಗಿ ಮೇಲಿನ ಹಲಗೆ ತಗ್ಗುತ್ತದೆ, ತಂತಿ ಫ್ರೆಟ್ಟಿಗೆ ತಾಗಿ ಜರ್ರ್ ಎನ್ನುತ್ತದೆ. ಕೂಲರಿನ ಮುಂದೆ ಶ್ರುತಿ ಮಾಡಿಕೊಂಡು ಬೈಕಿನ ಮೇಲೆ ಬಿಸಿಲಲ್ಲಿ ಹೊತ್ತು ತಂದ ಗಿಟಾರು ಯಾರ ಮಾತನ್ನೂ ಕೇಳುವುದಿಲ್ಲ. ತಂಬೂರಿ ಮಾರ್ಗದಲ್ಲಿ ಈ ರೋಗವೇ ಇಲ್ಲ. ಏಕತಾರಿಗೆ ಇರುವುದು ಒಂದೇ ತಂತಿ, ಅದು ಇಳಿದರೆ ಹಾಡುವವನೂ ಅಷ್ಟೇ ಇಳಿಯುತ್ತಾನೆ.

ಎರಡನೆಯವನು ಪೀಠಿಕಾಚಾರ್ಯ. ಹಾಡು ಮೂರು ನಿಮಿಷ, ಹಾಡು ಹುಟ್ಟಿದ ಮಳೆಗಾಲದ ವರ್ಣನೆ ಒಂಬತ್ತು. ಇವನ ಬಗ್ಗೆ ಹೆಚ್ಚು ಹೇಳಿದರೆ ನಾವೂ ಅವನೇ ಆಗುತ್ತೇವೆ.

ಮೂರನೆಯವನು ಚತುಷ್ಕಾರ್ಡಿ. ಜಿ, ಡಿ, ಇ ಮೈನರ್, ಸಿ ಎಂಬ ನಾಲ್ಕರಲ್ಲಿ ಇವನ ಚತುರ್ವೇದ ಮುಗಿಯುತ್ತದೆ. ಹಳೆಯ ಚಿತ್ರಗೀತೆ, ಹೊಸ ಚಿತ್ರಗೀತೆ, ಭಾವಗೀತೆ, ಗೆಳೆಯನ ಹುಟ್ಟುಹಬ್ಬ, ಎಲ್ಲವೂ ಇದರಲ್ಲೇ. ಇವನ ಉಪಭೇದ ಎಫ್-ಭೀರು: ತೋರುಬೆರಳೊಂದರಲ್ಲಿ ಆರೂ ತಂತಿ ಒತ್ತಬೇಕಾದ ಆ ಕಾರ್ಡು ಬರುತ್ತದೆಂದು ಗೊತ್ತಾದ ಕ್ಷಣ ಇವನ ದನಿ ಜೋರಾಗುತ್ತದೆ, ಕೈ ಮೆಲ್ಲಗಾಗುತ್ತದೆ. ಪಂಡಿತರು ಇವನನ್ನು ಬಡವನೆನ್ನುತ್ತಾರೆ, ನಾವು ಒಪ್ಪುವುದಿಲ್ಲ. ಮಡಿವಾಳಪ್ಪನ ಅಷ್ಟೂ ಪದಗಳನ್ನು ಒಂದೇ ಸ್ವರದ ಮೇಲೆ ಹೊತ್ತ ಸೀಮೆಯಲ್ಲಿ ನಾಲ್ಕು ಕಾರ್ಡು ಇದ್ದವನು ಶ್ರೀಮಂತನೇ.

ನಾಲ್ಕನೆಯವನು ದತ್ತಪದಿ. ಶಿಶುನಾಳ ಶರೀಫರ (1819–1889) ಪದಗಳನ್ನು ಸಿ. ಅಶ್ವಥ್ ಕ್ಯಾಸೆಟ್ಟಿನ ಕಾಲದಲ್ಲಿ ಮನೆಮನೆಗೆ ಮುಟ್ಟಿಸಿದರು, ಆಮೇಲೆ ರಘು ದೀಕ್ಷಿತ್ ಅವುಗಳಿಗೆ ಗಿಟಾರು ಕಟ್ಟಿದರು. ದತ್ತಪದಿ ಕಲಿತದ್ದು ಆ ಕೊನೆಯದನ್ನು, ಅದೂ ಫೋನಿನಲ್ಲಿ. ಅದೇ ಪದ ತನ್ನ ಮುತ್ಯಾನ ಬಾಯಲ್ಲಿ ಬೇರೊಂದು ಧಾಟಿಯಲ್ಲಿದೆ ಎಂಬುದು ಇವನಿಗೆ ಗೊತ್ತಿರುವುದಿಲ್ಲ. ಮುತ್ಯಾ ಹೇಳಿರುವುದಿಲ್ಲ, ಇವನು ಕೇಳಿರುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ತತ್ವಪದದ ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ಶಿಶುನಾಳಧೀಶ ಬಂದನೆಂದರೆ ಪದ ಮುಗಿಯಿತು, ಮುಂದಿನವನು ಗಂಟಲು ಸರಿಮಾಡಿಕೊಳ್ಳಬಹುದು ಎಂದು ಜಮಖಾನದ ಮೇಲಿದ್ದವರಿಗೆಲ್ಲ ತಿಳಿಯುತ್ತದೆ. ಗಿಟಾರ್ ಮಾರ್ಗದ ಸ್ವಂತ ರಚನೆಗಳಿಗೆ ಅಂಕಿತವಿಲ್ಲ. ಹಾಗಾಗಿ ಹಾಡುವವನು ನಡುವೆ ಉಸಿರು ತೆಗೆದುಕೊಂಡಾಗ ಚಪ್ಪಾಳೆ ಬೀಳುತ್ತದೆ, ನಿಜವಾಗಿ ಮುಗಿದಾಗ ಎಲ್ಲರೂ ಇನ್ನೂ ಇದೆಯೇನೋ ಎಂದು ಸುಮ್ಮನಿರುತ್ತಾರೆ.

ಮೈಕಿನ ವಿಚಾರ ಸ್ವಲ್ಪ ಹತ್ತಿರದಿಂದಲೇ ನೋಡಬೇಕು. ಅಕೂಸ್ಟಿಕ್ ಗಿಟಾರಿನೊಳಗೆ ಪಿಕಪ್ ಇಲ್ಲದಿದ್ದರೆ ಇರುವ ಒಂದು ಮೈಕನ್ನು ಬಾಯಿಗೂ ವಾದ್ಯಕ್ಕೂ ಹಂಚಬೇಕು. ಹುಡುಗ ಬಗ್ಗಿ ಬಗ್ಗಿ, ಒಮ್ಮೆ ಗದ್ದವನ್ನೂ ಒಮ್ಮೆ ಗಿಟಾರನ್ನೂ ಮೈಕಿಗೆ ತೋರಿಸುತ್ತಾನೆ. ಮೈಕ್‌ಸೆಟ್ಟಿನ ಕಾಕಾ ಎದ್ದು ಬಂದು ಎರಡನೆಯ ಮೈಕನ್ನು ನೇರ ಗಿಟಾರಿನ ತೂತಿಗೆ ಹಿಡಿದರೆ ಬರುವುದು ಬರೀ ಗುಂಯ್ ಗುಂಯ್. ಪೆಟ್ಟಿಗೆಯೊಳಗಿನ ಗಾಳಿಯೆಲ್ಲ ಅಲ್ಲಿಂದಲೇ ಉಬ್ಬಿ ಬರುವುದರಿಂದ ದಪ್ಪ ಸ್ವರಗಳು ಉಳಿದವನ್ನು ನುಂಗುತ್ತವೆ, ಸ್ಪೀಕರಿನ ಸದ್ದು ಮತ್ತೆ ಅದೇ ಪೆಟ್ಟಿಗೆ ಹೊಕ್ಕು ಊಳಿಡುತ್ತದೆ. ಕುತ್ತಿಗೆ ಬಂದು ಹೊಟ್ಟೆಗೆ ಸೇರುವ ಜಾಗ, ಹನ್ನೆರಡನೆಯ ಫ್ರೆಟ್ಟಿನ ಆಸುಪಾಸು, ಗೇಣಳತೆ ದೂರದಿಂದ ಹಿಡಿದರೆ ತಂತಿಯ ಸದ್ದು ಬಿಡಿಬಿಡಿಯಾಗಿ ಕೇಳುತ್ತದೆ. ಕಾಕಾನಿಗೆ ಇದನ್ನು ಹೇಳಿದರೆ, “ಮೂವತ್ತ್ ವರ್ಷದಿಂದ ಪೇಟಿಗಿ ಹಿಂಗೇ ಹಿಡೀಲತ್ತೀನಿ, ಪೇಟಿ ಒಂದಿನ ತಕರಾರ ಮಾಡಿಲ್ಲ” ಎನ್ನುತ್ತಾನೆ.

ಇಷ್ಟಾದರೂ, ಮೇಲಿನ ಭೇದಗಳೆಲ್ಲ ಗೌಣ. ವಾದಕನನ್ನು ಅವನು ಹೇಗೆ ನುಡಿಸುತ್ತಾನೆ ಎಂಬುದರಿಂದ ವಿಂಗಡಿಸುವುದು ಬಾಲಬೋಧೆ. ಮೈಕನ್ನು ಹೇಗೆ ಬಿಡುತ್ತಾನೆ ಎಂಬುದರಿಂದ ವಿಂಗಡಿಸಬೇಕು. ಇದಕ್ಕೆ ಮರ್ತೂರಿನವನೇ ಗತಿ. ಮಿತಾಕ್ಷರಾ ಪ್ರಕಾರ ಮಗನಿಗೆ ಆಸ್ತಿಯ ಮೇಲೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನನ ದಾಯಭಾಗದ ಪ್ರಕಾರ ತಂದೆ ಕಣ್ಣು ಮುಚ್ಚಿದ ಮೇಲೆ. ಮೈಕಿನ ಮುಂದೆಯೂ ಎರಡೇ ಪಂಗಡ. ತಾನು ಹುಟ್ಟಿದ್ದೇ ಮೈಕಿಗಾಗಿ ಎಂದು ತಿಳಿದು, ಇನ್ನೊಬ್ಬನ ಹಾಡು ನಡೆದಿರುವಾಗಲೇ ಪಕ್ಕದಲ್ಲಿ ಬಂದು ತಂತಿ ಮೀಟುವವರು ಮಿತಾಕ್ಷರಿಗಳು. ಹಿಂದಿನವನು ಸಾಯಲೆಂದು ಕಾಯುವವರು ದಾಯಭಾಗಿಗಳು. “ಇನ್ನೊಂದೇ ಒಂದು ಹಾಡ್ತೀನ್ರಿ” ಎನ್ನುವವನು ಎರಡನೆಯ ಪಂಗಡವನ್ನು ಮೊದಲನೆಯದಾಗಿ ಮಾರ್ಪಡಿಸುತ್ತಾನೆ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು, ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 1994ರಲ್ಲೇ, ಬಂದಿತ್ತು. ಮೈಕಿಗೆ ಆ ತಿದ್ದುಪಡಿ ಇನ್ನೂ ಸರಿಯಾಗಿ ಮುಟ್ಟಿಲ್ಲ. ಗಿಟಾರು ತಂದ ಹುಡುಗಿಗೆ ಮೊದಲು ಕೇಳುವ ಪ್ರಶ್ನೆ “ಮನ್ಯಾಗ ಗೊತ್ತದೇನ್ ಬಾಯಿ?” ಎಂಬುದೇ.

ಈ ಎರಡು ಪಂಗಡಗಳ ಲೆಕ್ಕಕ್ಕೊಂದು ಅಪವಾದ ಸಿಕ್ಕಿದ್ದು ನಮ್ಮೂರ ಅಮಾವಾಸ್ಯೆಯ ಭಜನೆಯಲ್ಲಿ. ಹಾಸ್ಟೆಲಿನಿಂದ ಊರಿಗೆ ಬಂದ ಒಬ್ಬ ಚತುಷ್ಕಾರ್ಡಿ ಗಿಟಾರು ತಂದು ಕೂತ. ಪೇಟಿ ಮಾಸ್ತರರು ಕರಿ ಒಂದಕ್ಕೆ ಶ್ರುತಿ ಹಿಡಿದಿದ್ದರು. ಹುಡುಗ ಕ್ಯಾಪೋವನ್ನು ಮೊದಲ ಫ್ರೆಟ್ಟಿಗೆ ಸಿಗಿಸಿ ಸಿ ಹಿಡಿದ, ಪೇಟಿಗೆ ಸರಿಹೋಯಿತು. ಮಾಸ್ತರರು ಆ ಚಿಮಟಿಗೆಯನ್ನೇ ನೋಡಿ, “ತಮ್ಮಾ, ಇಷ್ಟ್ ಸಸಾರ ಇತ್ತಂದ್ರ ಮೊದಲೇ ತರಬೇಕಿಲ್ಲೋ” ಎಂದರು. ಹುಡುಗ ಶರೀಫರ ಪದ ಎತ್ತಿದ, ತನ್ನ ಫೋನಿನ ಧಾಟಿಯಲ್ಲಿ. ಅಷ್ಟರಲ್ಲಿ ಹತ್ತು ಗಂಟೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ, ಪೊಲೀಸ್ ಮೀಸಲು ಪಡೆಯ ಬಗಲಲ್ಲೇ ಇರುವ ಊರು ನಮ್ಮದು. ಕಾಕಾ ವಾಯರು ಸುತ್ತಿಟ್ಟು, ತಾಳ ಕೈಗೆತ್ತಿಕೊಂಡು ಹಿಮ್ಮೇಳಕ್ಕೆ ಕೂತ.

ಮೈಕು ಹೋದದ್ದು ಹುಡುಗನಿಗೆ ಬಿಟ್ಟು ಯಾರಿಗೂ ಗೊತ್ತಾದಂತಿರಲಿಲ್ಲ. ಪಲ್ಲವಿ ಎರಡನೇ ಸಲ ಬರುವಷ್ಟರಲ್ಲಿ ಮುತ್ಯಾಗಳೆಲ್ಲ ಸೇರಿ ತಮ್ಮ ಹಳೆಯ ಧಾಟಿಗೆ ಅದನ್ನು ಎಳೆದುಕೊಂಡರು. ಹುಡುಗ ಎರಡು ಸಾಲು ತಡಬಡಾಯಿಸಿ, ಕಾರ್ಡು ಹುಡುಕುತ್ತ ಹಿಂದೆ ಬಿದ್ದ. ಇ ಮೈನರ್ ಒಂದು ಕಡೆ ಎಷ್ಟು ಸರಿಯಾಗಿ ಕೂತಿತೆಂದರೆ ಮಾಸ್ತರರು ಪೇಟಿ ಬಿಟ್ಟು ಅವನ ಕೈ ನೋಡಿದರು. ಆಮೇಲೆ ಅವನ ಸರದಿ ಎಲ್ಲಿ ಮುಗಿಯಿತು, ಮುಂದಿನವನದು ಎಲ್ಲಿ ಸುರುವಾಯಿತು ಎಂದು ನಿರ್ಣಯಿಸಲು ನಾವು ಬೆಳಗಿನವರೆಗೂ ಪ್ರಯತ್ನಪಟ್ಟೆವು, ಆಗಲಿಲ್ಲ. ಇದು ಅವಿಭಕ್ತ ಆಸ್ತಿ: ಪಾಲಾಗುವವರೆಗೆ ಇಷ್ಟು ನನ್ನದು ಎಂದು ಯಾರೂ ಬೆರಳಿಟ್ಟು ತೋರಿಸಲಾಗದು.

ಪಾಲಾದದ್ದು ಬೆಳಿಗ್ಗೆ, ಕಾಕಾ ಮೈಕ್‌ಸೆಟ್ಟಿನ ಬಾಡಿಗೆ ಕೇಳಿದಾಗ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂದು ಮಿತಾಕ್ಷರಾ ಹೇಳುತ್ತದೆ. ಮೈಕನ್ನು ಕೊನೆಗೆ ಹಿಡಿದಿದ್ದವನು ಯಾರು ಎಂದು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ, ಎಲ್ಲರೂ ಒಂದೇ ಕಡೆ ತಿರುಗಿದರು. ಹುಡುಗ ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದವನು ತಲೆ ಎತ್ತಿ ಕೇಳಿದ:

“ಕಾಕಾ, ಫೋನ್‌ಪೇ ನಡೀತದೇನ್ರಿ?”