ಡಿಫೆಕ್ಟ್ ವಕೀಲರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ವಕೀಲರಿಗೇನೂ ಬರಗಾಲವಿಲ್ಲ. ಬೇಲಿ ತಕರಾರಿಗೆ ಒಬ್ಬರು, ಪಾಲು ಪಾರೀಕತ್ತಿಗೆ ಒಬ್ಬರು, ಒತ್ತುವರಿ ನೋಟೀಸಿಗೆ ಇನ್ನೊಬ್ಬರು. ಸಾಲ ಮಾಡಿ ಹೊಸ ಗಾಡಿ ತಂದು, ಮೊದಲ ಮಳೆಗಾಲಕ್ಕೇ ತಲೆ ಮೇಲೆ ಕೈ ಹೊತ್ತು ಕೂತವರಿಗೆ ಮಾತ್ರ ಗತಿ ಗಾಡಿಯ ದೋಷಕ್ಕೆ ಕೇಸು ಹಾಕುವ ನಮ್ಮ ಡಿಫೆಕ್ಟ್ ವಕೀಲರೇ. ಈ ಜಾತಿಯವರು ಎಲ್ಲ ಸೀಮೆಯಲ್ಲೂ ಸಿಗುತ್ತಾರೆ. ಘಟ್ಟದ ರಸ್ತೆ ತಿಂದು ಬೆಳೆದ ತಳಿಯ ಖದರೇ ಬೇರೆ.

ಅವರ ಮನೆಯ ಅಕ್ಕಿ ಬೇಯುವುದು ಅಪಘಾತದ ಪರಿಹಾರದ ಎಂವಿಸಿ ಕೇಸುಗಳಿಂದ. ಡಿಫೆಕ್ಟ್ ಕೇಸು ಅವರ ಪಾಲಿಗೆ ಅಪ್ಪೆಮಿಡಿ ಉಪ್ಪಿನಕಾಯಿ. ಹೊಟ್ಟೆ ತುಂಬುವುದಿಲ್ಲ, ಬಿಟ್ಟಿರಲೂ ಆಗುವುದಿಲ್ಲ.

ಕಕ್ಷಿದಾರ ಬಂದರೆ ಮೊದಲು ಕಾಗದ ಕೇಳುವುದಿಲ್ಲ. ಕರಿಕೋಟು ತೆಗೆದು ಕುರ್ಚಿಗೆ ನೇತುಹಾಕಿ ಆಫೀಸಿನ ಮೆಟ್ಟಿಲಿಳಿದು, "ಸ್ಟಾರ್ಟ್ ಮಾಡಿ ನೋಡ್ವ" ಎನ್ನುತ್ತಾರೆ. ಬಾನೆಟ್ ಎತ್ತಿಸಿ, ಕಣ್ಣು ಮುಚ್ಚಿ, ಕಿವಿ ಕೊಟ್ಟು ನಿಲ್ಲುತ್ತಾರೆ.

"ಫೋರ್ ವೀಲ್ ಹಾಕಿದ್ರೆ ಗೇರ್ ಹಾರ್ತದೆ ವಕೀಲ್ರೆ."

"ಹಾರೋದು ಇರ್ಲಿ ಗೌಡ್ರೆ, ಜಾಬ್ ಕಾರ್ಡ್ ಎಲ್ಲಿ?"

ಅಲ್ಲಿ ಗೌಡರ ಮುಖ ಬಾಡುತ್ತದೆ. ಸರ್ವೀಸಿಗೆ ಬಿಟ್ಟಾಗಲೆಲ್ಲ ಏನು ದೂರು ಹೇಳಿದೆವು, ಅವರು ಏನು ಬರೆದುಕೊಂಡರು ಎಂಬುದಕ್ಕೆ ಆ ಹಾಳೆಯೇ ಜೀವಂತ ಸಾಕ್ಷಿ. ಒಂದೇ ದೂರು ನಾಲ್ಕು ಜಾಬ್ ಕಾರ್ಡಿನಲ್ಲಿ ಬಂದರೆ ಕೇಸು ಅರ್ಧ ಗೆದ್ದ ಹಾಗೆ. ನಮ್ಮವರು ಅದರ ಬೆನ್ನಿಗೆ ಅಡಿಕೆ ಸುಲಿದವರ ಲೆಕ್ಕ ಬರೆದಿರುತ್ತಾರೆ. ಹಾಗೇ ಹಾಜರುಪಡಿಸಿದರೆ ಎದುರು ವಕೀಲರು ಮುಂಭಾಗ ಬಿಟ್ಟು ಹಿಂಭಾಗದ ಮೇಲೇ ಪಾಟೀಸವಾಲು ಶುರುಮಾಡುತ್ತಾರೆ: "ಇಷ್ಟು ಜನ ಆಳುಗಳನ್ನ ಇದೇ ಪಿಕಪ್ಪಲ್ಲಿ ತುಂಬಿಸಿಕೊಂಡು ಬಂದ್ರಾ?"

ಅದಕ್ಕಿಂತ ದೊಡ್ಡ ಗುಂಡಿ ಬಾಡಿಗೆಯದು. ವ್ಯಾಪಾರಕ್ಕೆಂದು ಕೊಂಡ ಗಾಡಿಯಾದರೆ ಕಾನೂನಿನ ಕಣ್ಣಲ್ಲಿ ಕೊಂಡವನು ಗ್ರಾಹಕನೇ ಅಲ್ಲ. ಸ್ವಂತ ದುಡಿಮೆಯ ಹೊಟ್ಟೆಪಾಡಿಗಾದರೆ ಮಾತ್ರ ವಿನಾಯಿತಿ. ವಾಯಿದೆಯ ಹಿಂದಿನ ರಾತ್ರಿ ನಮ್ಮ ವಕೀಲರು ಗೌಡರನ್ನು ಕೂರಿಸಿ ಉರು ಹೊಡೆಸಿದ್ದರು: "ಜೀವನೋಪಾಯ ಅನ್ನಿ. ಅಷ್ಟೇ ಅನ್ನಿ." ಮರುದಿನ ಎದುರು ವಕೀಲರು ನಯವಾಗಿ, "ಒಳ್ಳೇ ದುಡಿಮೆ ಇರ್ಬೇಕಲ್ಲ?" ಎಂದದ್ದೇ ತಡ, ಗೌಡರು ಎದೆಯುಬ್ಬಿಸಿ, "ಮತ್ತೆ! ಇನ್ನೊಂದು ಗಾಡಿ ತಗೊಂಡು ಡ್ರೈವರ್ ಇಟ್ಟೀನಿ" ಅಂದುಬಿಟ್ಟರು. ವಕೀಲರು ಕಡತದಲ್ಲಿ ಮುಖ ಹುದುಗಿಸಿದರು.

ಕಂಪನಿಯವರ ರಾಮಬಾಣ ಮಾತ್ರ ನಮ್ಮ ರಸ್ತೆ. ಕ್ಲಚ್ ಸುಟ್ಟರೆ ಏರು ಕಾರಣ, ಶಾಕ್ ಅಬ್ಸಾರ್ಬರ್ ಸೋರಿದರೆ ಗುಂಡಿ ಕಾರಣ, ವೈರಿಂಗ್ ಹೋದರೆ ಕೊಟ್ಟಿಗೆಯ ಇಲಿ ಕಾರಣ. ಆಗ ವಕೀಲರಿಗೆ ರೋಷ ಉಕ್ಕುತ್ತದೆ. ಆಗುಂಬೆಯ 14 ತಿರುವು ಹತ್ತಿಳಿಯುವ ಜೀಪನ್ನೇ ಜಾಹೀರಾತಿನಲ್ಲಿ ತೋರಿಸಿ ಮಾರಿ, ಆಮೇಲೆ "ಏರಿನಲ್ಲಿ ಓಡಿಸಿದ್ದಾರೆ" ಅಂದರೆ ಹೇಗೆ ಸ್ವಾಮಿ, ಮಲೆನಾಡಲ್ಲಿ ಅಂಗಳವೇ ಏರು! (ಅದೇ ಸಂಜೆ ಚಹಾದಂಗಡಿಯಲ್ಲಿ ಪಿಡಬ್ಲ್ಯುಡಿಯವರನ್ನು ಅದೇ ರಸ್ತೆಗಾಗಿ ಅವರೇ ಬೈಯುತ್ತಾರೆ. ಎರಡೂ ವಾದ ಸರಿ ಎಂದೇ ನನ್ನ ಅನಿಸಿಕೆ.)

ಅವರ ಬ್ಯಾಗಿನಲ್ಲಿ ಎರಡು ಸುಪ್ರೀಂ ಕೋರ್ಟ್ ತೀರ್ಪುಗಳ ಜೆರಾಕ್ಸ್ ಸದಾ ಇರುತ್ತದೆ. 2006ರ ಮಾರುತಿ ಉದ್ಯೋಗ್ ಪ್ರಕರಣದ್ದು ಶತ್ರು: ವಾರಂಟಿ ಇರುವುದು ಕೆಟ್ಟ ಭಾಗ ಬದಲಿಸಲು, ಇಡೀ ಕಾರು ಬದಲಿಸಲು ಅಲ್ಲ ಎಂದದ್ದು. 2022ರ ಹ್ಯುಂಡೈ ಪ್ರಕರಣದ್ದು ಮಿತ್ರ. ಡಿಕ್ಕಿಯಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳದ ಆ ಕೇಸಿನಲ್ಲಿ, ಗುದ್ದಿನ ವೇಗ, ಬಲ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಎಂದು ಕೋರ್ಟು ಹೇಳಿ, ಗಾಡಿ ಬದಲಿಸಿಕೊಡುವ ಆದೇಶವನ್ನು ಎತ್ತಿಹಿಡಿಯಿತು. ಪಿಯುಸಿಯಲ್ಲಿ ಭೌತಶಾಸ್ತ್ರ ಕೈಕೊಟ್ಟದ್ದಕ್ಕೇ ಬಿ.ಎ. ಸೇರಿ ಕಾನೂನಿಗೆ ಬಂದವರು ನಮ್ಮ ವಕೀಲರು. ಆ ಸಾಲು ಓದುವಾಗ ಅವರ ಗಂಟಲು ಗದ್ಗದವಾಗುತ್ತದೆ.

ಹೊಸ ಗ್ರಾಹಕ ಕಾಯ್ದೆ ಜಾರಿಗೆ ಬಂದ 2020ರ ಜುಲೈ 20 ಅವರಿಗೆ ಹಬ್ಬ. ಗಾಡಿ ಎಲ್ಲೇ ಕೊಂಡಿರಲಿ, ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು ಎಂದಾಯಿತಲ್ಲ. ಶಿವಮೊಗ್ಗದಲ್ಲಿ ಕಾರು ಕೊಂಡ ನರಸಿಂಹರಾಜಪುರದ ಶೆಟ್ಟರಿಗೆ ಉತ್ಸಾಹದಿಂದ ವಿವರಿಸಿದರು.

"ಇನ್ನು ಶಿವಮೊಗ್ಗಕ್ಕೆ ಅಲೆಯೋದು ಬೇಡ. ಚಿಕ್ಕಮಗಳೂರಲ್ಲೇ ಹಾಕ್ಬಹುದು."

"ನಮಗೆ ಶಿವಮೊಗ್ಗನೇ ಹತ್ರ ಅಲ್ದ ಮಾರಾಯ್ರೆ?"

ವಾಯಿದೆಯ ದಿನ ಬಾಳೆಹೊನ್ನೂರು, ಆಲ್ದೂರು ದಾಟಿ ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ಕೋಟಿನ ಇಸ್ತ್ರಿ ಹೋಗಿರುತ್ತದೆ. ಮೊದಲಾದರೆ ಸಹಕಾರ ಸಾರಿಗೆ ಬಸ್ಸಿತ್ತು. ಕಾರ್ಮಿಕರೇ 1991ರಲ್ಲಿ ಕಟ್ಟಿ ಓಡಿಸಿದ ಸಂಸ್ಥೆ. ಕಂಡಕ್ಟರಿಗೂ ಇವರ ವಾಯಿದೆ ದಿನಾಂಕ ಬಾಯಿಪಾಠ. 2020ರಲ್ಲಿ ಅದು ನಿಂತಿತು. ಬೇರೆ ಬಸ್ಸು ಹಿಡಿದು ಅಲ್ಲಿಗೆ ಹೋದರೆ ಗ್ರಾಹಕ ಆಯೋಗದ ಅಧ್ಯಕ್ಷರು ತಜ್ಞರ ವರದಿ ಕೇಳುತ್ತಾರೆ. ನಮ್ಮ ಗ್ಯಾರೇಜಿನ ಅಣ್ಣನಿಗಿಂತ ತಜ್ಞ ಯಾರಿದ್ದಾರೆ? ಅವನು ಯಾವ ಇಂಜಿನ್ನಿಗೂ ಹೆದರದವನು. ಪ್ರಮಾಣಪತ್ರಕ್ಕೆ ಸಹಿ ಅಂದರೆ ಮಾತ್ರ ಗ್ಯಾರೇಜಿಗೆ ಬೀಗ ಹಾಕಿ ಅತ್ತೆಮನೆಗೆ ಹೋಗಿಬಿಡುತ್ತಾನೆ.

ಬಸ್ಸು ನಂಬಿ ಕೂರಲಾಗದೆ ಕೊನೆಗೆ ವಕೀಲರೂ ಕಾರು ಕೊಳ್ಳಲು ಹೊರಟರು. ಶೋರೂಮಿನಲ್ಲಿ ಬಣ್ಣ ಕೇಳಲಿಲ್ಲ, ಮೈಲೇಜ್ ಕೇಳಲಿಲ್ಲ. ವಾರಂಟಿ ಪುಸ್ತಕ ತರಿಸಿ, ಕೆಂಪು ಪೆನ್ನು ತೆಗೆದು ಊಟದ ಹೊತ್ತಿನವರೆಗೆ ಗೀಟು ಹಾಕಿದರು. ಸೇಲ್ಸಿನ ಹುಡುಗ ಒಳಗೆ ಹೋದ. ಮ್ಯಾನೇಜರ್ ಕೈಮುಗಿದುಕೊಂಡು ಹೊರಗೆ ಬಂದು, "ಸರ್, ಈ ಮಾಡೆಲ್ ಸ್ಟಾಕ್ ಇಲ್ಲ" ಎಂದ. ಅದೇ ಮಾಡೆಲ್ಲಿಗೆ ವಕೀಲರು ಒರಗಿ ನಿಂತಿದ್ದರು.

ಕಡೆಗೆ ಹಳೆಯ ಕಕ್ಷಿದಾರರೊಬ್ಬರ ಜೀಪನ್ನೇ ಸೆಕೆಂಡ್ ಹ್ಯಾಂಡಿಗೆ ಕೊಂಡರು. ಫೋರ್ ವೀಲ್ ಹಾಕಿದರೆ ಗೇರ್ ಹಾರುತ್ತದೆ. "ಹಾರ್ಲಿ ಬಿಡಿ. ವಾರಂಟಿಯೇ ಇಲ್ಲ, ಕೇಸು ಹಾಕೋ ಚಿಂತೆಯೂ ಇಲ್ಲ" ಎನ್ನುತ್ತ ಗೇರನ್ನು ಎಡಗೈಯಲ್ಲಿ ಒತ್ತಿಹಿಡಿದು ಓಡಿಸುತ್ತಾರೆ.